ಮೀನಿನ ತೊಟ್ಟಿಯ ನಾಲ್ಕನೇ ಕಾಲು

ಗಲ್ಫಿನಲ್ಲಿ ಯಾವ ಕನ್ನಡಿಗರ ಮನೆಗೆ ಹೋದರೂ ಅಲ್ಲಿನ ಒಂದಲ್ಲ ಒಂದು ಸಾಮಾನು ಬೇರೆ ಯಾರದೋ ಆಗಿರುತ್ತದೆ. ಊರಿಗೆ ಶಾಶ್ವತವಾಗಿ ಹೊರಟವರು ಬಿಟ್ಟುಹೋದ ಗ್ರೈಂಡರ್, ಮಕ್ಕಳ ಸೈಕಲ್, ಬಾಲ್ಕನಿಯಲ್ಲಿ ಅಪ್ಪಿ ಅಪ್ಪಿ ಬೆಳೆಸಿದ ಕರಿಬೇವಿನ ಕುಂಡ. ನಮ್ಮ ಪಾಲಿಗೆ ಬಂದದ್ದು ನಾಲ್ಕು ಅಡಿ ಉದ್ದದ ಗಾಜಿನ ಮೀನಿನ ತೊಟ್ಟಿ, ಮತ್ತು ಅದರೊಳಗಿದ್ದ ಗುಂಡ.

ಗುಂಡ ಎಂದರೆ ಆಸ್ಕರ್ ಜಾತಿಯ ಒಂದು ಮೀನು. ಅಮೆಜಾನ್ ನದಿಯ ಮೂಲದ್ದು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಒಂದು ಗೇಣಿಗಿಂತ ಉದ್ದ ಬೆಳೆಯುತ್ತದೆ. ಮನೆಯವರ ಮುಖ ಗುರುತಿಸಿ ಗಾಜಿನ ಹತ್ತಿರ ಬಂದು ಬಾಲ ಅಲ್ಲಾಡಿಸುತ್ತದೆ. ಅಲ್ ಮಬೇಲಾದಲ್ಲೇ ನಮ್ಮಿಂದ ಎರಡು ಬೀದಿ ಆಚೆ ಇದ್ದ ಮೈಸೂರಿನ ಕುಟುಂಬದ ಹುಡುಗ ಅದನ್ನು ನಾಣ್ಯದಷ್ಟಿದ್ದಾಗಿನಿಂದ ಸಾಕಿದ್ದ. ಮಾರ್ಚಿಯಲ್ಲಿ ಶಾಲೆಯ ವರ್ಷ ಮುಗಿಯಿತು, ಅಪ್ಪನ ಕೆಲಸವೂ ಮುಗಿಯಿತು, ಏಪ್ರಿಲಿನಲ್ಲಿ ಅವರು ಹೊರಟರು. ಹೊರಡುವ ಹಿಂದಿನ ದಿನ ಆ ಹುಡುಗ ಒಂದು ಹಾಳೆಯಲ್ಲಿ ಬರೆದುಕೊಟ್ಟ: ಬೆಳಿಗ್ಗೆ ಎಂಟು ಕಾಳು, ರಾತ್ರಿ ಎಂಟು ಕಾಳು, ಶುಕ್ರವಾರ ಒಂದು ಸೀಗಡಿ. ಕೊಟ್ಟು, "ಆಂಟಿ, ಸಾಯಲ್ಲ ಅಲ್ವಾ?" ಎಂದು ಕೇಳಿದ. ನಾವು "ಇಲ್ಲಪ್ಪ" ಅಂದೆವು. ಅಷ್ಟು ಹೇಳಿದ ಮೇಲೆ ಆ ತೊಟ್ಟಿ ನಮಗೆ ಬರೀ ಅಲಂಕಾರದ ಸಾಮಾನಾಗಿ ಉಳಿಯಲಿಲ್ಲ.

ಖಾಲಿ ಮಾಡಿದ ತೊಟ್ಟಿಯನ್ನು ಪಿಕಪ್ಪಿನಲ್ಲಿ ತಂದು, ನಾಲ್ಕು ಜನ ಸೇರಿ ಮೊದಲ ಮಹಡಿಗೆ ಹತ್ತಿಸಿ, ಹಾಲಿನಲ್ಲಿ ಬಾಲ್ಕನಿ ಬಾಗಿಲ ಪಕ್ಕದ ಮೂಲೆಯಲ್ಲಿ ಅದರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟೆವು. ಜಲ್ಲಿ ಹರಡಿ, ನೀರು ತುಂಬಿ, ಗುಂಡನನ್ನು ಬಿಟ್ಟೆವು. ಎರಡು ದಿನದ ನಂತರ ಮನೆಗೆ ಬಂದ ಸಂಘದ ಗೆಳೆಯರೊಬ್ಬರು ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತರು. ತಲೆಯನ್ನು ಒಂದು ಕಡೆ ಓರೆ ಮಾಡಿದರು, ಮತ್ತೆ ಇನ್ನೊಂದು ಕಡೆ ಓರೆ ಮಾಡಿದರು. "ಏನ್ರೀ, ನಿಮ್ಮನೆ ನೀರೇ ವಾಲಿದೆಯಲ್ಲ!"

ನೀರು ವಾಲುವುದಿಲ್ಲ. ಅದು ಯಾವತ್ತೂ ಮಟ್ಟವಾಗಿಯೇ ನಿಲ್ಲುತ್ತದೆ, ವಾಲಿದ್ದೇನಿದ್ದರೂ ನಮ್ಮದು. ಅಳೆದು ನೋಡಿದರೆ ತೊಟ್ಟಿಯ ಮುಂಭಾಗದಲ್ಲಿ ಎಡತುದಿಗಿಂತ ಬಲತುದಿಯಲ್ಲಿ ನೀರು 6 ಮಿಲಿಮೀಟರ್ ಹೆಚ್ಚು ಮೇಲೆ, ಅಂಚಿಗೆ ಹತ್ತಿರ ನಿಂತಿತ್ತು. ಅಂದರೆ ಬಲಗಡೆ ನೆಲ ತಗ್ಗು. ಸುಮ್ಮನೆ ಇರಲಾಗದೆ ಹಿಂಭಾಗದಲ್ಲೂ ಸ್ಕೇಲು ತೂರಿಸಿ ಅಳೆದೆವು. ಅಲ್ಲಿ ವ್ಯತ್ಯಾಸ 4 ಮಿಲಿಮೀಟರ್ ಮಾತ್ರ. ಒಂದೇ ತೊಟ್ಟಿ, ಒಂದೇ ನೀರು, ಮುಂದೆ 6, ಹಿಂದೆ 4. ಈ ಎರಡು ಅಂಕಿಗಳಲ್ಲೇ ಎಲ್ಲ ಕಥೆ ಇತ್ತು. ಆದರೆ ಅದನ್ನು ಓದುವಷ್ಟು ತಿಳಿವಳಿಕೆ ಆಗ ನಮಗಿರಲಿಲ್ಲ. ಅಳತೆಯಲ್ಲೇ ತಪ್ಪಿರಬೇಕು ಅಂದುಕೊಂಡೆವು. ಫೋನಿನ ಲೆವೆಲ್ ಆ್ಯಪ್ ತೆರೆದು ತೊಟ್ಟಿಯ ಅಂಚಿನ ಮೇಲಿಟ್ಟರೆ ಅದು ಠೀವಿಯಿಂದ ಸೊನ್ನೆ ಡಿಗ್ರಿ ಎಂದಿತು. ನಾಲ್ಕು ಅಡಿಗೆ 6 ಮಿಲಿಮೀಟರ್ ಎಂದರೆ ಒಂದು ಡಿಗ್ರಿಯ ಮೂರನೇ ಒಂದು ಪಾಲೂ ಆಗುವುದಿಲ್ಲ. ಪೂರ್ಣಾಂಕ ಮಾತ್ರ ತೋರಿಸುವ ಆ್ಯಪಿಗೆ ಅದು ಲೆಕ್ಕವೇ ಅಲ್ಲ.

ಗಾಜಿಗೆ ಮಾತ್ರ ಲೆಕ್ಕವೇ. ಭಾರವನ್ನು ಒಮ್ಮೆ ಕೂಡಿ ನೋಡಿ. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಗೆ ಮೇಲೆ ಎರಡು ಬೆರಳು ಬಿಟ್ಟು ತುಂಬಿದರೂ ಸುಮಾರು 225 ಲೀಟರ್ ನೀರು. ಲೀಟರಿಗೆ ಒಂದು ಕೆಜಿ. 10 ಮಿಲಿಮೀಟರ್ ದಪ್ಪದ ಗಾಜೇ 50 ಕೆಜಿ ಹತ್ತಿರ. ಜಲ್ಲಿ, ಕಲ್ಲು, ಸ್ಟ್ಯಾಂಡ್ ಸೇರಿದರೆ ಒಟ್ಟು 350 ಕೆಜಿಯಾಯಿತು. ಐದು ಜನ ದೊಡ್ಡವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಹಗಲೂ ರಾತ್ರಿ ಹಾಲಿನ ಒಂದೇ ಮೂಲೆಯಲ್ಲಿ ನಿಂತ ಹಾಗೆ. ಇನ್ನು ಮುಂಭಾಗದ ಗಾಜನ್ನು ನೀರು ಒಳಗಿನಿಂದ ಹೊರಕ್ಕೆ ನೂಕುವ ಬಲವೇ ನೂರು ಕೆಜಿ ತೂಕಕ್ಕೆ ಸಮ. ಆ ನೂಕುವಿಕೆಯನ್ನು ತಡೆದು ನಿಂತಿರುವುದು ಮೊಳೆಯಲ್ಲ, ಬೋಲ್ಟಲ್ಲ, ಗಾಜಿನ ಅಂಚುಗಳ ನಡುವೆ ಬಳಿದ ಒಂದೆಳೆ ಸಿಲಿಕೋನ್ ಅಂಟು.

ನೆಲ ಯಾಕೆ ಹೀಗೆ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಊರಿನ ಮನೆಗಳಲ್ಲಿ ಕಾವಿ ನೆಲ ಮಾಡುವಾಗಲೇ ತೊಳೆದ ನೀರು ಹೊಸ್ತಿಲ ಕಡೆ ಹರಿಯಲಿ ಎಂದು ಸ್ವಲ್ಪ ಓಟ ಕೊಡುತ್ತಿದ್ದರು. ನಾವು ಗೋಲಿ ಉರುಳಿಸಿ ಆಡುವಾಗ ಅದು ಯಾವ ಮೂಲೆಗೆ ಹೋಗಿ ನಿಲ್ಲುತ್ತದೆ ಎಂದು ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತಿತ್ತು. ಇಲ್ಲಿನ ಫ್ಲ್ಯಾಟುಗಳಲ್ಲೂ ಬಚ್ಚಲು, ಅಡುಗೆಮನೆ, ಬಾಲ್ಕನಿಗಳ ನೆಲವನ್ನು ಬೇಕೆಂದೇ ಜಾಲರಿಯ ಕಡೆ ಇಳಿಜಾರು ಮಾಡಿರುತ್ತಾರೆ. ಮೀಟರಿಗೆ ಒಂದು ಸೆಂಟಿಮೀಟರ್ ಸಾಮಾನ್ಯ. ಹಾಲು ಮಟ್ಟವಾಗಿರಬೇಕು ನಿಜ, ಆದರೆ ಅದರ ಅಂಚುಗಳು ಈ ಇಳಿಜಾರುಗಳನ್ನು ಮುಟ್ಟುವಲ್ಲಿ ಟೈಲ್ಸ್ ಕೆಲಸದವರ ಕೈ ಒಂದಿಷ್ಟು ಹೆಚ್ಚುಕಡಿಮೆ ಆಗಿಯೇ ಇರುತ್ತದೆ. ಬಾಡಿಗೆದಾರರು ಬದಲಾಗುತ್ತ, ಪೈಪುಗಳ ರಿಪೇರಿ ನಡೆಯುತ್ತ ಹೋದಂತೆ ಆ ನೆಲಕ್ಕೆ ತೇಪೆಗಳು ಸೇರುತ್ತವೆ. ಓಡಾಡುವ ಕಾಲಿಗೆ, ಸೋಫಾಕ್ಕೆ, ಟೀವಿಗೆ ಇದು ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ನೆಲದ ಜಾತಕ ಓದುವ ಸಾಮಾನು ಮೀನಿನ ತೊಟ್ಟಿ ಒಂದೇ.

ಈಗ ನಾವು ಮಾಡಿದ ಮೂರ್ಖತನ. ಸ್ಟ್ಯಾಂಡಿನ ಮುಂಬಲ ಕಾಲಿನ ಕೆಳಗೆ ಕಾಗದ ತೂರಿಸಿದರೆ ಸಲೀಸಾಗಿ ಹೋಗುತ್ತಿತ್ತು. ಆಹಾ, ಸಿಕ್ಕಿತು ಕಾರಣ, ಇಲ್ಲಿ ಏನಾದರೂ ಇಟ್ಟರಾಯಿತು ಎಂದು ಮೊದಲು ಮಡಿಸಿದ ರಟ್ಟು ಇಟ್ಟೆವು. ಎರಡು ದಿನದಲ್ಲಿ ಅದು ತೇವಗೊಂಡು ಹಪ್ಪಳವಾಯಿತು. ಆಮೇಲೆ ನಮ್ಮಲ್ಲೊಬ್ಬರಿಗೆ ಕಾರಿನ ಜಾಕ್ ನೆನಪಾಯಿತು. ಯಾರಿಗೆ ಎಂಬುದು ಇಲ್ಲಿ ಬೇಡ, ಮನೆಯಲ್ಲಿ ಅದು ಇನ್ನೂ ಇತ್ಯರ್ಥವಾಗಿಲ್ಲ. ತುಂಬಿದ ತೊಟ್ಟಿಯನ್ನು ಖಾಲಿ ಮಾಡದೆ, ಸ್ಟ್ಯಾಂಡಿನ ಕೆಳಪಟ್ಟಿಗೆ ಜಾಕ್ ಕೊಟ್ಟು ಆ ಒಂದು ಮೂಲೆಯನ್ನು ಮಾತ್ರ ಎತ್ತಿ, ಐವತ್ತು ಬೈಸಾದ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಇಳಿಸಿದೆವು. ಎತ್ತುವಾಗ ಒಳಗೆಲ್ಲೋ ಬೆರಳು ನಟಿಕೆ ಮುರಿದಂತೆ ಟಿಕ್ ಎಂದು ಒಂದು ಸಣ್ಣ ಸದ್ದು. ನೀರಿನ ಗೆರೆ ಸುಮಾರಾಗಿ ನೇರವಾಯಿತು. ಫೋಟೋ ತೆಗೆದು ಮೈಸೂರಿಗೆ ಕಳಿಸಿ ಮಲಗಿದೆವು.

ಬೆಳಗಿನ ಜಾವ ಎದ್ದಾಗ ಬಲಗಡೆಯ ಮೂಲೆಯ ಅಂಟಿನುದ್ದಕ್ಕೂ ಹನಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಧಾರೆಯೇನಲ್ಲ, ಬೆವರಿನಂತೆ. ನೆಲದಲ್ಲಿ ಚಾಪೆಯಷ್ಟಗಲ ನೀರು, ಅದರ ತುದಿಯಿಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಒಂದು ಗೇಣು ದೂರ. ಮೊದಲು ಮೇನ್ ಸ್ವಿಚ್ ಆರಿಸಿದೆವು. ನಮ್ಮ ಕೆಳಗಿನ ಮನೆಯಲ್ಲಿ ಈಜಿಪ್ಟಿನ ದಂಪತಿ, ಮೂರು ತಿಂಗಳ ಕೂಸು. ಅವರ ಹಾಲಿನ ಸೀಲಿಂಗಿನ ದೀಪ ಸರಿಯಾಗಿ ನಮ್ಮ ತೊಟ್ಟಿಯ ಕೆಳಗೇ ಬರುತ್ತದೆ. ಜೂನಿನಲ್ಲಿ ಊರಿಗೆ ಹೋಗಲು ಟಿಕೆಟ್ ಆಗಿತ್ತು. ಈ ಮೂಲೆ ಆ ದಿನದ ಬದಲು ನಾವು ಬೀಗ ಹಾಕಿ ಹೋದ ಮೂರನೇ ವಾರದಲ್ಲಿ ಬಿಟ್ಟುಕೊಂಡಿದ್ದರೆ? 225 ಲೀಟರ್ ನೀರು ಯಾರದೋ ದೀಪದ ತಂತಿಯ ಮೂಲಕ ಇಳಿಯುತ್ತಿತ್ತು. ಇತ್ತ ಗುಂಡ ಒಣ ಜಲ್ಲಿಯ ಮೇಲೆ. ಆ ಬೆಳಿಗ್ಗೆ ನಾವು ಕಾಫಿ ಕುಡಿಯಲಿಲ್ಲ.

ಮಗ್ಗು ಮಗ್ಗು ನೀರು ತೆಗೆದರೆ ಆಗುವ ಕೆಲಸವಲ್ಲ. ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ತುದಿ ಬಚ್ಚಲಲ್ಲಿ ಇಟ್ಟು ಹರಿಯಬಿಟ್ಟೆವು. ಅದಕ್ಕೂ ಮೊದಲು ಹಳೆಯ ನೀರನ್ನೇ ಒಂದು ನೀಲಿ ಡ್ರಮ್ಮಿಗೆ ತುಂಬಿ ಗುಂಡನನ್ನು ಅದಕ್ಕೆ ದಾಟಿಸಿ, ಗಾಳಿಯ ಪಂಪನ್ನೂ ಫಿಲ್ಟರನ್ನೂ ಅಲ್ಲಿಗೇ ಜೋಡಿಸಿದೆವು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಆಸೆ ಆಯಿತು, ತಡೆದುಕೊಂಡೆವು. ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಇರುವುದು, ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಮಸ್ಕತ್ತಿನ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದು, ಕ್ಲೋರಿನ್ ಹಾಕಿದ ಸಮುದ್ರದ ನೀರು. ಮೇ ತಿಂಗಳ ಕೊನೆ ಬೇರೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿನಲ್ಲಿ ಮುಖ ತೊಳೆಯುವುದೇ ಕಷ್ಟ. ಗೀಸರ್ ಆರಿಸಿ ಅದರಲ್ಲಿ ನಿಂತ ನೀರನ್ನೇ ತಣ್ಣೀರೆಂದು ಬಳಸುವ ನಮ್ಮೆಲ್ಲರ ಬೇಸಿಗೆಯ ಉಪಾಯ ಇಲ್ಲಿಯೂ ಕೆಲಸಕ್ಕೆ ಬಂತು. ರಾತ್ರಿ ಬಕೆಟ್ಟುಗಳಲ್ಲಿ ತುಂಬಿ ಎಸಿ ಕೋಣೆಯಲ್ಲಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕಿ, ಬೆಳಿಗ್ಗೆ ಡ್ರಮ್ಮಿನ ನೀರು ಬದಲಿಸುವುದು. ಒಂದು ವಾರ ಇದೇ ಆಯಿತು.

ಆ ಶುಕ್ರವಾರ ಮಧ್ಯಾಹ್ನ ನಮ್ಮ ಪರಿಚಯದ ಟೈಲ್ಸ್ ಕೆಲಸದವರು ಒಬ್ಬರು ಬಂದರು. ವಿಟ್ಲದ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ತೊಟ್ಟಿಯನ್ನು ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರು ಸೀದಾ ನೆಲ ನೋಡಿದರು. ಮುಂಬಲ ಕಾಲು ಇದ್ದ ಟೈಲ್ಸಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರು. "ಅಕ್ಕ, ಇದರ ಬಣ್ಣ ನೋಡಿ. ಉಳಿದದ್ದಕ್ಕಿಂತ ಒಂದು ಚೂರು ಹಳದಿ. ಯಾವಾಗಲೋ ಪೈಪಿಗೆ ಬೇಕಾಗಿ ಒಡೆದು ಬೇರೆ ಹಾಕಿದ್ದಾರೆ. ತಗ್ಗಿಸಿ ಕೂರಿಸಿದ್ದಾರೆ." ಎರಡು ವರ್ಷದಿಂದ ಆ ನೆಲ ಒರೆಸುತ್ತಿದ್ದ ನಮಗೆ ಅದು ಕಂಡೇ ಇರಲಿಲ್ಲ.

ಚೀಲದಿಂದ ಅವರು ತೆಗೆದದ್ದು ಲೇಸರ್ ಯಂತ್ರವಲ್ಲ, ಹತ್ತು ಅಡಿ ಪಾರದರ್ಶಕ ಪೈಪು. ಊರಲ್ಲಿ ಪಾಯ ಹಾಕುವ ಮೇಸ್ತ್ರಿಗಳ ಕೈಯಲ್ಲಿ ನಾವೆಲ್ಲ ನೋಡಿದ ಅದೇ ಟ್ಯೂಬ್ ಲೆವೆಲ್. ಪೈಪಿಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಎರಡೂ ತುದಿ ತೆರೆದಿಟ್ಟು ಹಿಡಿದರೆ ನೀರು ಎರಡು ಕಡೆಯೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಒಂದು ತುದಿ ಒಂದು ಮೂಲೆಯಲ್ಲಿ, ಇನ್ನೊಂದು ತುದಿ ಉಳಿದ ಮೂರು ಮೂಲೆಗಳಲ್ಲಿ. ಗುಳ್ಳೆಯೊಂದು ಸಿಕ್ಕಿಕೊಂಡರೆ ಮಾತ್ರ ಸುಳ್ಳು ಹೇಳುತ್ತದೆ, ಅದಕ್ಕೇ ಆಗಾಗ ಪೈಪಿಗೆ ಬೆರಳಿನಿಂದ ಚಿಟಿಕೆ ಹೊಡೆಯುತ್ತಿದ್ದರು. ತೊಟ್ಟಿಯ ನೀರು ನಮಗೆ ಹೇಳಿದ್ದನ್ನೇ ಪೈಪಿನ ನೀರು ಹೇಳಬೇಕಿತ್ತು, ಇನ್ನಷ್ಟು ವಿವರವಾಗಿ.

ಅಳತೆ ಹೀಗೆ ಬಂತು. ಹಿಂದಿನ ಎಡಮೂಲೆ ಎಲ್ಲಕ್ಕಿಂತ ಎತ್ತರ, ಅದನ್ನು ಸೊನ್ನೆ ಎನ್ನೋಣ. ಮುಂದಿನ ಎಡಮೂಲೆ ಅದಕ್ಕಿಂತ 2 ಮಿಲಿಮೀಟರ್ ತಗ್ಗು. ಹಿಂದಿನ ಬಲಮೂಲೆ 4 ತಗ್ಗು. ಮುಂದಿನ ಬಲಮೂಲೆ 11 ತಗ್ಗು. ಅವರು ಗೋಡೆಗೆ ಒರಗಿಸಿದ್ದ ರಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಬರೆದು ನಾಲ್ಕು ಮೂಲೆಗೆ ನಾಲ್ಕು ಅಂಕಿ ಹಾಕಿದರು. ಎದುರುಬದುರು ಮೂಲೆಗಳನ್ನು ಗೀಟೆಳೆದು ಕೂಡಿದರು. ಸೊನ್ನೆ ಮತ್ತು 11, ಹನ್ನೊಂದು. 2 ಮತ್ತು 4, ಆರು. "ಇದು ವಾಲಿದ್ದಲ್ಲ ಮಾರಾಯ್ರೆ, ತಿರುಚಿದ್ದು."

ಈ ಲೇಖನ ಬರೆಯಲು ಕಾರಣವೇ ಆ ಒಂದು ಮಾತು. ನೆಲ ಒಂದೇ ಕಡೆಗೆ ಸಮನಾಗಿ ಇಳಿದಿದ್ದರೆ, ಎದುರುಬದುರು ಮೂಲೆಗಳ ಮೊತ್ತ ಎರಡೂ ಸಮ ಬರುತ್ತದೆ. ಅಂಥ ನೆಲದ ಮೇಲೆ ಸ್ಟ್ಯಾಂಡಿನ ನಾಲ್ಕೂ ಕಾಲು ಊರುತ್ತವೆ, ತೊಟ್ಟಿ ಒಂದು ಕಡೆ ವಾಲುತ್ತದೆ, ಅಷ್ಟೇ. ನಮ್ಮ ಮುಂದಿನ ಬಲಮೂಲೆ 11ರ ಬದಲು 6 ತಗ್ಗಿದ್ದರೆ ಹಾಗಾಗುತ್ತಿತ್ತು. ಬರೀ ವಾಲಿಕೆಯಿಂದ ಗಾಜಿಗಾಗುವ ಹೆಚ್ಚುವರಿ ಕಷ್ಟ ನಾವು ಹೆದರುವಷ್ಟಿಲ್ಲ. ನೀರಿನ ಒತ್ತಡ ಆಳವನ್ನು ಅವಲಂಬಿಸಿದ್ದು. ತೊಟ್ಟಿಯ ಒಂದು ತುದಿ ಒಂದು ಸೆಂಟಿಮೀಟರ್ ಇಳಿದರೂ ಆ ತುದಿಯಲ್ಲಿ ನೀರಿನ ಆಳ ಹೆಚ್ಚುವುದು ಅರ್ಧ ಸೆಂಟಿಮೀಟರ್, ಅಂದರೆ ಒತ್ತಡ ನೂರಕ್ಕೆ ಒಂದೆರಡು ಪಾಲು. ನೋಡಲು ಕೆಟ್ಟದ್ದು, ಬಂದವರೆಲ್ಲ ತಲೆ ಓರೆ ಮಾಡುತ್ತಾರೆ. ಆದರೆ ಒಳ್ಳೆಯ ತೊಟ್ಟಿ ಅದಕ್ಕೆ ಒಡೆಯುವುದಿಲ್ಲ.

ಮೊತ್ತ ಸಮ ಬರದಿದ್ದರೆ ಮಾತೇ ಬೇರೆ. ಆಗ ಮೂರು ಕಾಲು ನೆಲದಲ್ಲಿ, ನಾಲ್ಕನೆಯದು ಗಾಳಿಯಲ್ಲಿ. ನಮ್ಮಲ್ಲಿ ಅದು 5 ಮಿಲಿಮೀಟರ್. 350 ಕೆಜಿ ಭಾರ ಆ ನಾಲ್ಕನೇ ಕಾಲನ್ನು ಕೆಳಗೆಳೆಯುತ್ತದೆ, ಸ್ಟ್ಯಾಂಡ್ ಸ್ವಲ್ಪ ಬಾಗುತ್ತದೆ, ಅದರ ಜೊತೆ ತೊಟ್ಟಿಯೂ ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಗಾಜು ಒತ್ತಡ ತಡೆದುಕೊಳ್ಳುತ್ತದೆ, ತಿರುಚುವುದನ್ನು ತಡೆದುಕೊಳ್ಳುವುದಿಲ್ಲ. ಮುಂದೆ 6, ಹಿಂದೆ 4 ಎಂದು ನಮ್ಮ ಸ್ಕೇಲು ಹೇಳಿದ್ದು ಇದನ್ನೇ: ನೀರಿನ ಮೇಲ್ಮೈ ಸಪಾಟಾಗಿದೆ, ನಿಮ್ಮ ತೊಟ್ಟಿಯ ಬಾಯಿ ಸಪಾಟಾಗಿ ಉಳಿದಿಲ್ಲ. ಅದರ ಮೇಲೆ ನಾವು ಒಂದೇ ಮೂಲೆಗೆ ಜಾಕ್ ಕೊಟ್ಟು, ಒಂದು ಕಡೆ ತಿರುಚಿದ್ದನ್ನು ಇನ್ನೊಂದು ಕಡೆಗೆ ತಿರುಚಿದ್ದೆವು. "ನೀರು ಇರುವಾಗಲೇ ಜಾಕ್ ಇಟ್ರಾ?" ಎಂದು ಅವರು ಕೇಳಿದಾಗ ಇಬ್ಬರೂ ಉತ್ತರ ಕೊಡಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಗಾಜಿನ ತೊಟ್ಟಿಗೆ ಯಾರೂ ಹೇಳಿಲ್ಲ.

ಚಹಾ ಕುಡಿಯುವಾಗ ಮಾತು ಅವರ ಊರಿಗೆ ಹೋಯಿತು. ಅವರ ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗ ಉಂಟಂತೆ. ಕಾಸರಗೋಡು, ದಕ್ಷಿಣ ಕನ್ನಡದ ಆ ಭಾಗದಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಆಳೆತ್ತರದ ಸುರಂಗ ಕೊರೆದು ನೀರು ಬರಿಸುವ ಪದ್ಧತಿ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ವಿಟ್ಲದ ಹತ್ತಿರದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಹಾರೆ ಹಿಡಿದು ಕೊರೆದು, ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಕೊನೆಗೆ ನೀರು ತಂದು ಅಡಿಕೆ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೆಲ ಬಾಯಿಯ ಕಡೆ ಒಂಚೂರೇ ಇಳಿಜಾರಿರಬೇಕು, ಕಡಿಮೆಯಾದರೆ ನೀರು ಒಳಗೇ ನಿಲ್ಲುತ್ತದೆ, ಹೆಚ್ಚಾದರೆ ಮಣ್ಣು ಕೊಚ್ಚಿ ಬರುತ್ತದೆ, "ಅದು ಕಣ್ಣಳತೆಯಲ್ಲೇ ಬರಬೇಕು" ಎಂದರು. ಒಮಾನಿನ ಫಲಜ್‌ಗಳದ್ದೂ ಇದೇ ವಿದ್ಯೆ. ಪಂಪಿಲ್ಲ, ಯಂತ್ರವಿಲ್ಲ, ಬರೀ ಇಳಿಜಾರಿನ ಲೆಕ್ಕದಲ್ಲಿ ನೆಲದಡಿಯ ನೀರು ಊರಿನವರೆಗೆ ನಡೆದು ಬರುತ್ತದೆ. ಅಂಥ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅವುಗಳಲ್ಲಿ ಒಂದಾದ ಫಲಜ್ ದಾರಿಸ್ ನಿಜ್ವಾದಲ್ಲಿದೆ, ರಜೆಯ ದಿನ ಹೋಗಿ ಅದರಲ್ಲಿ ಕಾಲು ಇಳಿಬಿಟ್ಟು ಕೂತು ಬಂದವರು ನಮ್ಮ ಸಂಘದಲ್ಲೇ ಎಷ್ಟೋ ಜನ. ಆ ಮಟ್ಟ ನೋಡುವ ಕಣ್ಣು ಎರಡೂ ಕಡೆ ಇತ್ತು. ನಮಗೆ ಹಾಲಿನ ನಾಲ್ಕು ಅಡಿ ನೆಲದ ಮಟ್ಟ ಕಂಡಿರಲಿಲ್ಲ.

ಸರಿ, ದುರಸ್ತಿ. ಸೋರಿದ ಮೂಲೆಗೆ ಮೇಲಿಂದ ಅಂಟು ಬಳಿದರೆ ಮುಗಿಯಿತು ಎಂದುಕೊಂಡಿದ್ದೆವು. ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಒಳಗಿನ ಅಂಟನ್ನು ಪೂರ್ತಿ ಬ್ಲೇಡಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದಾಗಿ ಎಳೆದದ್ದು. ಕೊಳ್ಳುವಾಗ ಒಂದು ಎಚ್ಚರ: ಬಚ್ಚಲಿಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ಹಿಡಿಯದಂತೆ ಔಷಧ ಬೆರೆಸಿರುತ್ತಾರೆ, ಅದು ಮೀನಿಗೆ ವಿಷ. ಅಕ್ವೇರಿಯಂಗೆ ಎಂದು ಬರೆದಿರುವುದನ್ನೇ ಕೇಳಿ ತರಬೇಕು. ಒಣಗಲು ಒಂದು ವಾರ ಬಿಟ್ಟೆವು. ಗುಂಡ ಡ್ರಮ್ಮಿನಲ್ಲಿ ಮೂರು ದಿನ ಕಾಳು ಮುಟ್ಟಲಿಲ್ಲ, ಬಣ್ಣ ಕಪ್ಪಾಯಿತು. ಮೈಸೂರಿನಿಂದ ಫೋನ್ ಬಂದಾಗ "ಗುಂಡ ಮಲಗಿದ್ದಾನೆ" ಎಂದು ಸುಳ್ಳು ಹೇಳಿದೆವು.

ನೆಲದ ಕೆಲಸ ಅದಕ್ಕಿಂತ ಸ್ವಾರಸ್ಯದ್ದು. ಬಾಡಿಗೆ ಮನೆ, ಟೈಲ್ಸ್ ಒಡೆಯುವಂತಿಲ್ಲ, ಬಿಟ್ಟುಹೋಗುವಾಗ ಡೆಪಾಸಿಟ್ ವಾಪಸ್ ಬರಬೇಕು. ಅವರು ಸ್ಟ್ಯಾಂಡಿಗಿಂತ ನಾಲ್ಕು ಬೆರಳು ದೊಡ್ಡದಾದ 18 ಮಿಲಿಮೀಟರ್ ದಪ್ಪದ ಮರೀನ್ ಪ್ಲೈವುಡ್ ಹಲಗೆ ಕೊಯ್ಸಿ ತಂದಿದ್ದರು. ನೆಲದ ಮೇಲೆ ಮೊದಲು ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿದರು. ಕಿಟಕಿ ಕೂರಿಸುವವರು ಬಳಸುವ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಗಳನ್ನು, ಎಲ್ಲಿ ಎಷ್ಟು ತಗ್ಗೋ ಅಲ್ಲಿ ಅಷ್ಟು ದಪ್ಪಕ್ಕೆ, ಮೂಲೆಗಳಲ್ಲಿ ಮಾತ್ರವಲ್ಲದೆ ನಡುನಡುವೆಯೂ ಇಟ್ಟರು. ಹಲಗೆ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಎರಡೂ ಓರೆಗೆ ನಾಲ್ಕಡಿ ರಸಮಟ್ಟ ಹಿಡಿದು ನೋಡಿದರು. ಆಮೇಲೆ ಹಲಗೆ ತೆಗೆದು, ಬಿಲ್ಲೆಗಳ ನಡುವಿನ ಜಾಗಕ್ಕೆಲ್ಲ ಟೈಲ್ಸ್ ಅಂಟನ್ನು ಗಟ್ಟಿಯಾಗಿ ಕಲಸಿ ತುಂಬಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಹಲಗೆಯನ್ನು ಒತ್ತಿ ಕೂರಿಸಿದರು. ಮರುದಿನಕ್ಕೆ ಅದು ಕಲ್ಲಾಯಿತು. ಹೀಗೆ ಭಾರ ನಾಲ್ಕು ಕಾಲಿನ ಚುಕ್ಕೆಗಳ ಮೇಲೆ ಬೀಳದೆ ಇಡೀ ಹಲಗೆಗೆ ಹರಡುತ್ತದೆ. ಮೇಲೆ ಕೆಳಗೆ ಪ್ಲಾಸ್ಟಿಕ್ ಇರುವುದರಿಂದ ಟೈಲ್ಸಿಗೆ ಅಂಟುವುದಿಲ್ಲ; ಮನೆ ಬಿಡುವಾಗ ಒಬ್ಬಟ್ಟು ಕಾವಲಿಯಿಂದ ಎದ್ದಂತೆ ಎದ್ದು ಬರುತ್ತದೆ ಎಂದರು. ಅದನ್ನು ನಾವು ಇನ್ನೂ ಪರೀಕ್ಷಿಸಿಲ್ಲ, ನಂಬಿದ್ದೇವೆ.

ತಗ್ಗನ್ನು ತುಂಬಬೇಕಾದದ್ದು ಸ್ಟ್ಯಾಂಡಿನ ಕೆಳಗೆ, ತೊಟ್ಟಿ ಮತ್ತು ಸ್ಟ್ಯಾಂಡಿನ ನಡುವೆ ಅಲ್ಲ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ನಮಗೆ ಸಲಹೆ ಕೊಟ್ಟ ಐವರಲ್ಲಿ ಮೂವರು ಗಾಜಿನ ಕೆಳಗೇ ಏನಾದರೂ ತುರುಕಿ ಎಂದಿದ್ದರು. ಗಾಜಿನ ತಳದ ಒಂದು ಮೂಲೆಯ ಕೆಳಗೆ ಚೂರು ಇಟ್ಟರೆ ಅಲ್ಲಿಂದಲೇ ಬಿರುಕು. ಅಲ್ಲಿ ಇರಬೇಕಾದದ್ದು ಇಡೀ ತಳಕ್ಕೆ ಹಾಸಿದ ಒಂದು ಥರ್ಮಾಕೋಲ್ ಹಾಳೆ ಮಾತ್ರ. ಅದು ಮರಳಿನ ಕಾಳು, ಹಲಗೆಯ ಗಂಟಿನಂಥ ಸಣ್ಣ ಉಬ್ಬನ್ನು ನುಂಗಿಕೊಳ್ಳುತ್ತದೆ. ನೆಲದ ತಿರುಚನ್ನು ನುಂಗುವುದಿಲ್ಲ. ತಳದ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇರುವ, ತಳದ ಗಾಜು ನೆಲಕ್ಕೆ ತಾಗದ ತೊಟ್ಟಿಗಳಿಗೆ ಆ ಥರ್ಮಾಕೋಲೂ ಬೇಡ.

ಮೊದಲ ಮಹಡಿಯಲ್ಲಿ ಇಷ್ಟು ಭಾರ ಇಡಬಹುದೇ ಎಂದು ಕೇಳುವವರಿಗೂ ಒಂದು ಮಾತು. ಭಾರತದ ಐಎಸ್ 875 ಸಂಹಿತೆಯಲ್ಲಿ ವಾಸದ ಕೋಣೆಯ ನೆಲಕ್ಕೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ. ನಮ್ಮ ತೊಟ್ಟಿ ಕೂತಿರುವ ಅರ್ಧ ಚದರ ಮೀಟರಿನ ಮೇಲಷ್ಟೇ ನೋಡಿದರೆ ಭಾರ ಅದಕ್ಕಿಂತ ಮೂರುಪಟ್ಟಿಗೂ ಹೆಚ್ಚು. ಆದರೆ ಸ್ಲ್ಯಾಬ್ ಆ ಭಾರವನ್ನು ಸುತ್ತ ಹರಡಿಕೊಳ್ಳುತ್ತದೆ, ಕೋಣೆಯ ಉಳಿದ ಭಾಗ ಬಹುತೇಕ ಖಾಲಿ ಇರುತ್ತದೆ. ಅದಕ್ಕೇ ಗೋಡೆಗೆ, ಕಂಬದ ಹತ್ತಿರ ಇಡಬೇಕು, ಕೋಣೆಯ ನಟ್ಟನಡುವೆ ಅಲ್ಲ. ನಾಲ್ಕು ಅಡಿಗಿಂತ ದೊಡ್ಡ ತೊಟ್ಟಿಯ ಆಸೆ ಇದ್ದವರು ನಮ್ಮನ್ನಲ್ಲ, ಇಂಜಿನಿಯರನ್ನು ಕೇಳಿ. ಸಂಘದಲ್ಲಿ ಅವರಿಗೇನು ಬರವೇ?

ತುಂಬಿದ್ದು ಒಂದೇ ಸಲಕ್ಕಲ್ಲ. ಮೂರನೇ ಒಂದು ಪಾಲು ತುಂಬಿ ನಾಲ್ಕೂ ಮೂಲೆಯಲ್ಲಿ ಅಂಚಿನಿಂದ ನೀರಿನವರೆಗೆ ಅಳೆದು, ಗಾಜಿನ ಮೇಲೆ ಅಂಟುಪಟ್ಟಿಯಿಂದ ಗುರುತು ಹಾಕಿದೆವು. ಅರ್ಧಕ್ಕೆ ಮತ್ತೊಮ್ಮೆ. ಅಲ್ಲಿಗೆ ನಿಲ್ಲಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಪೂರ್ತಿ ತುಂಬಿದಾಗ ಎಡಕ್ಕೂ ಬಲಕ್ಕೂ ವ್ಯತ್ಯಾಸ ಮುಂದೆ ಒಂದು ಮಿಲಿಮೀಟರ್, ಹಿಂದೆಯೂ ಒಂದೇ ಮಿಲಿಮೀಟರ್. ಸೊನ್ನೆ ಬರಲಿಲ್ಲವೆಂದು ನಮಗೆ ಬೇಸರವಾಗಲಿಲ್ಲ. ಮುಂದೆಯೂ ಹಿಂದೆಯೂ ಒಂದೇ ಅಂಕಿ ಬಂದದ್ದೇ ಬೇಕಾದದ್ದು. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದಿಂದ ಎತ್ತಿ ಗೋಡೆಗೆ ಹೊಡೆಸಿದೆವು. ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿಬಿಟ್ಟು ಮೇಲೆ ತಂದೆವು. ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಜೂನಿನಲ್ಲಿ ಊರಿಗೆ ಹೋಗುವಾಗ ಕೀಲಿಯನ್ನು ಗೆಳೆಯರಿಗೆ ಕೊಟ್ಟು, ಕಾಳಿನ ಲೆಕ್ಕದ ಹಾಳೆಯ ಜೊತೆ ಒಂದು ಸ್ಕೇಲನ್ನೂ ಕೊಟ್ಟೆವು. ವಾರಕ್ಕೊಮ್ಮೆ ಎರಡು ಅಂಕಿ ಕಳಿಸಿ, ಮುಂದಿನದು ಮತ್ತು ಹಿಂದಿನದು. ಊರಿನಲ್ಲಿ ಮಳೆ ನೋಡುತ್ತ ಕೂತಾಗ "1, 1" ಎಂಬ ಸಂದೇಶ ಬರುತ್ತಿತ್ತು, ಬೇರೇನೂ ಬರೆದಿರುತ್ತಿರಲಿಲ್ಲ.

ಗುಂಡನನ್ನು ತೊಟ್ಟಿಗೆ ವಾಪಸ್ ಬಿಟ್ಟ ದಿನ ಅವನು ಕಲ್ಲಿನ ಹಿಂದೆ ಅಡಗಿ ಕೂತ. ಮರುದಿನ ಬೆಳಿಗ್ಗೆ ಏಳು ಕಾಳು ತಿಂದ, ಎಂಟನೆಯದನ್ನು ಉಗಿದ. ಆ ಸಂಜೆ ಧೈರ್ಯ ಮಾಡಿ ಮೈಸೂರಿಗೆ ವಿಡಿಯೊ ಕರೆ ಮಾಡಿ ಸೋರಿದ್ದು, ಡ್ರಮ್ಮು, ಸುಳ್ಳು ಎಲ್ಲವನ್ನೂ ಹೇಳಿದೆವು. ಹುಡುಗ ಏನೂ ಮಾತಾಡದೆ ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದ. ಆಮೇಲೆ ಗಂಭೀರವಾಗಿ ಕೇಳಿದ: "ಅಂಕಲ್, ನೀರು ಇನ್ನೂ ಓರೆ ಇದೆಯಲ್ಲ?"

ನಮಗೆ ಎದೆ ಧಸಕ್ಕೆಂದಿತು. ಸ್ಕೇಲು ಹುಡುಕಲು ಎದ್ದೇಬಿಟ್ಟಿದ್ದೆವು. ಅಷ್ಟರಲ್ಲಿ ಅವನ ಅಮ್ಮ ಹಿಂದಿನಿಂದ ನಕ್ಕರು. "ನೀವು ಫೋನ್ ನೆಟ್ಟಗೆ ಹಿಡೀರಿ."